ಮನೆಯ ಬಾಡಿಗೆಯೋ, ಮನೆಯವರ ದುಡಿಮೆಯೋ?
ಸಾಂಕ್ರಾಮಿಕದ ಕಾಲದಲ್ಲಿ ಅಮೆರಿಕಾದ ನಿರುದ್ಯೋಗ ನೆರವು ಹಾಗೂ ಅಲ್ಪಾವಧಿ ವಸತಿ ಉದ್ದಿಮೆದಾರರು

ಕಾರ್ಖಾನೆಯಲ್ಲಿ ತಯಾರಾದ ಸರಕು ಇಂದು ಮಾರಾಟವಾಗದಿದ್ದರೆ ಗೋದಾಮಿನಲ್ಲಿದ್ದು ನಾಳೆಯಾದರೂ ಮಾರಾಟವಾದೀತು. ಆದರೆ ಅತಿಥಿಯಿಲ್ಲದೆ ಕಳೆದುಹೋದ ಒಂದು ರಾತ್ರಿಯ ಕೊಠಡಿಯನ್ನು ಮರುದಿನ ಮಾರುವಂತಿಲ್ಲ. ವಸತಿ ಉದ್ದಿಮೆಯ ಈ ಮೂಲಭೂತ ದೌರ್ಬಲ್ಯವು 2020ರ ಮಾರ್ಚ್ ತಿಂಗಳಿನಲ್ಲಿ ಜಗತ್ತಿನಾದ್ಯಂತ ಒಮ್ಮೆಲೇ ಪ್ರಕಟವಾಯಿತು. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್-19 ರೋಗವನ್ನು ಜಾಗತಿಕ ಸಾಂಕ್ರಾಮಿಕವೆಂದು ಸಾರಿತು. ಮಾರ್ಚ್ 13ರಂದು ಅಮೆರಿಕಾ ರಾಷ್ಟ್ರೀಯ ತುರ್ತುಸ್ಥಿತಿಯನ್ನು ಘೋಷಿಸಿತು. ಅದರ ಮರುದಿನವೇ ಅಂತರ್ಜಾಲದ ಮೂಲಕ ಮನೆ-ಕೊಠಡಿಗಳನ್ನು ಕಾಯ್ದಿರಿಸಿಕೊಡುವ ಏರ್‌ಬಿಎನ್‌ಬಿ ಸಂಸ್ಥೆಯು, ಸಾಂಕ್ರಾಮಿಕದ ಕಾರಣ ಪ್ರಯಾಣ ಕೈಬಿಡುವ ಅತಿಥಿಗಳಿಗೆ ಮುಂಗಡವನ್ನು ಪೂರ್ತಿಯಾಗಿ ಹಿಂದಿರುಗಿಸುವ ನಿಯಮವನ್ನು ಜಾರಿಗೆ ತಂದಿತು. ಅತಿಥಿಗಳಿಗೆ ಇದು ನೆಮ್ಮದಿ ತಂದಿತಾದರೂ, ಅದೇ ಹಣವನ್ನು ನಂಬಿ ಗೃಹಸಾಲದ ಕಂತು ಕಟ್ಟುತ್ತಿದ್ದ ಆತಿಥೇಯರ ಕೈ ಬರಿದಾಯಿತು.

ಹೀಗೆ ಆದಾಯ ಕಳೆದುಕೊಂಡ ಆತಿಥೇಯನನ್ನು ನಿರುದ್ಯೋಗಿ ಎನ್ನಬಹುದೇ? ಅಥವಾ ಆತ ಕೇವಲ ಬಾಡಿಗೆದಾರರಿಲ್ಲದ ಮನೆಯ ಮಾಲೀಕನೇ? ಮೇಲುನೋಟಕ್ಕೆ ಪದಗಳ ವ್ಯತ್ಯಾಸದಂತೆ ಕಾಣುವ ಈ ಪ್ರಶ್ನೆಯ ಮೇಲೆ ಅಮೆರಿಕಾದ ಅಸಂಖ್ಯ ಕುಟುಂಬಗಳ ಸಾವಿರಾರು ಡಾಲರುಗಳ ನೆರವು ಅವಲಂಬಿಸಿತ್ತು. ಹೋಂಸ್ಟೇ ಉದ್ದಿಮೆ ಬೇರೂರಿರುವ ನಮ್ಮ ನಾಡಿನ ಸದಸ್ಯರಿಗೂ ಈ ಪ್ರಸಂಗದಲ್ಲಿ ತಿಳಿಯಬೇಕಾದ ಪಾಠಗಳಿರುವ ಕಾರಣ ಅದನ್ನು ಇಲ್ಲಿ ವಿವರವಾಗಿ ಪರಿಶೀಲಿಸಲಾಗಿದೆ.

ನಿರುದ್ಯೋಗ ವಿಮೆಯ ಮೂಲ ಚೌಕಟ್ಟು

ಅಮೆರಿಕಾದ ನಿರುದ್ಯೋಗ ವಿಮೆಯು 1935ರ ಸಾಮಾಜಿಕ ಭದ್ರತಾ ಕಾಯಿದೆಯ ಕೂಸು. ಒಕ್ಕೂಟ ಸರ್ಕಾರ ಹಾಗೂ ರಾಜ್ಯಗಳು ಜಂಟಿಯಾಗಿ ನಡೆಸುವ ಈ ವ್ಯವಸ್ಥೆಗೆ ಹಣ ಒದಗುವುದು ಮುಖ್ಯವಾಗಿ ಮಾಲೀಕರು ಕಟ್ಟುವ ತೆರಿಗೆಯಿಂದ. ಪ್ರತಿಯೊಬ್ಬ ನೌಕರನ ವಾರ್ಷಿಕ ವೇತನದ ಮೊದಲ 7,000 ಡಾಲರುಗಳ ಮೇಲೆ ಶೇ. 6ರಂತೆ ಒಕ್ಕೂಟದ ತೆರಿಗೆಯಿದ್ದು, ರಾಜ್ಯದ ತೆರಿಗೆಯನ್ನು ಸಕಾಲದಲ್ಲಿ ಪಾವತಿಸುವ ಮಾಲೀಕನಿಗೆ ಅದರಲ್ಲಿ ಶೇ. 5.4ರವರೆಗೆ ವಿನಾಯಿತಿ ದೊರೆಯುತ್ತದೆ. ಕೆಲಸ ಕಳೆದುಕೊಂಡ ನೌಕರನು ತನ್ನ ಹಿಂದಿನ ವೇತನದ ಆಧಾರದ ಮೇಲೆ, ಬಹುತೇಕ ರಾಜ್ಯಗಳಲ್ಲಿ ಗರಿಷ್ಠ 26 ವಾರಗಳ ಕಾಲ, ಭತ್ಯೆ ಪಡೆಯುತ್ತಾನೆ.

ಈ ಚೌಕಟ್ಟಿನಲ್ಲಿ ಸ್ವಯಂ ಉದ್ಯೋಗಿಗೆ ಸ್ಥಾನವಿಲ್ಲ. ತನಗೆ ತಾನೇ ಮಾಲೀಕನಾದವನ ಪರವಾಗಿ ಯಾರೂ ತೆರಿಗೆ ಕಟ್ಟಿರುವುದಿಲ್ಲ; ಆತ ನಿಜವಾಗಿಯೂ ಕೆಲಸ ಕಳೆದುಕೊಂಡನೇ, ಇಲ್ಲವೇ ತಾನಾಗಿಯೇ ಕೈಬಿಟ್ಟನೇ ಎಂಬುದನ್ನು ದೃಢಪಡಿಸಲು ಮೂರನೆಯ ವ್ಯಕ್ತಿಯೂ ಇರುವುದಿಲ್ಲ. ಭೂಕಂಪ, ಚಂಡಮಾರುತಗಳಂತಹ ಪ್ರಕೃತಿ ವಿಕೋಪಗಳ ಸಂದರ್ಭದಲ್ಲಿ ಮಾತ್ರ, ವಿಕೋಪ ನಿರುದ್ಯೋಗ ನೆರವು ಎಂಬ ಪ್ರತ್ಯೇಕ ಯೋಜನೆಯಡಿ, ಅಂಗಡಿಕಾರರಿಗೂ ಕೃಷಿಕರಿಗೂ ಸಹಾಯ ದೊರೆಯುತ್ತಿತ್ತು. 2020ರಲ್ಲಿ ಅಮೆರಿಕಾದ ಸಂಸತ್ತು ಈ ಹಳೆಯ ಯೋಜನೆಯನ್ನೇ ಮಾದರಿಯಾಗಿ ಇರಿಸಿಕೊಂಡಿತು.

2020ರ ಹೊಸ ಕಾನೂನು

2020ರ ಮಾರ್ಚ್ 27ರಂದು ಅಧ್ಯಕ್ಷರ ಅಂಕಿತ ಪಡೆದ ಕೇರ್ಸ್ ಕಾಯಿದೆಯು ಸಾಂಕ್ರಾಮಿಕ ನಿರುದ್ಯೋಗ ನೆರವು ಎಂಬ ತಾತ್ಕಾಲಿಕ ಯೋಜನೆಯನ್ನು ಸ್ಥಾಪಿಸಿತು. ಸ್ವಯಂ ಉದ್ಯೋಗಿಗಳು, ಸ್ವತಂತ್ರ ಗುತ್ತಿಗೆದಾರರು ಹಾಗೂ ಸಾಕಷ್ಟು ವೇತನದ ಇತಿಹಾಸವಿಲ್ಲದವರು ಕೋವಿಡ್ ಸಂಬಂಧಿತ ಕಾರಣದಿಂದ ಕೆಲಸ ಕಳೆದುಕೊಂಡಿದ್ದಲ್ಲಿ ಭತ್ಯೆಗೆ ಅರ್ಹರಾದರು. ಆರಂಭದಲ್ಲಿ 39 ವಾರಗಳಿಗೆ ಸೀಮಿತವಾಗಿದ್ದ ನೆರವು 2020ರ ಡಿಸೆಂಬರ್ 27ರ ಕಾಯಿದೆಯಿಂದ 50 ವಾರಗಳಿಗೆ, 2021ರ ಮಾರ್ಚ್ 11ರ ಕಾಯಿದೆಯಿಂದ 79 ವಾರಗಳಿಗೆ ವಿಸ್ತರಣೆಗೊಂಡಿತು. 2021ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಯೋಜನೆಯು ಕೊನೆಗೊಂಡಿತು. ಹಲವು ರಾಜ್ಯಗಳು ಅದಕ್ಕೂ ಮುನ್ನ, ಅದೇ ವರ್ಷದ ಜೂನ್-ಜುಲೈ ತಿಂಗಳುಗಳಲ್ಲಿಯೇ, ಅದರಿಂದ ಹೊರಬಂದಿದ್ದವು.

ಭತ್ಯೆಯ ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿತ್ತು. ಆಯಾ ರಾಜ್ಯದ ಸರಾಸರಿ ಭತ್ಯೆಯ ಅರ್ಧದಷ್ಟು ಕನಿಷ್ಠ ಮಿತಿಯೆಂದು ನಿಗದಿಯಾಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ವಾರಕ್ಕೆ ಕನಿಷ್ಠ 167 ಡಾಲರ್, ಗರಿಷ್ಠ 450 ಡಾಲರ್. ಫ್ಲಾರಿಡಾದಲ್ಲಿ ಕನಿಷ್ಠ 125, ಗರಿಷ್ಠ 275. ಇದಕ್ಕಿಂತಲೂ ಮಹತ್ವದ ಅಂಶ ಮತ್ತೊಂದಿತ್ತು. ಮೂಲ ಭತ್ಯೆಯಲ್ಲಿ ಒಂದು ಡಾಲರಿಗೆ ಅರ್ಹನಾದವನಿಗೂ 2020ರ ಜುಲೈ ಅಂತ್ಯದವರೆಗೆ ವಾರಕ್ಕೆ 600 ಡಾಲರುಗಳ ಹೆಚ್ಚುವರಿ ಮೊತ್ತ ಪೂರ್ಣವಾಗಿ ಸಲ್ಲುತ್ತಿತ್ತು. 2020ರ ಡಿಸೆಂಬರ್ ಅಂತ್ಯದಿಂದ ಮುಂದಿನ ಸೆಪ್ಟೆಂಬರ್‌ವರೆಗೆ ಈ ಹೆಚ್ಚುವರಿ ಮೊತ್ತ 300 ಡಾಲರ್ ಆಗಿತ್ತು. ಆದ್ದರಿಂದ ಎಷ್ಟು ಭತ್ಯೆ ಎಂಬುದಕ್ಕಿಂತ, ಭತ್ಯೆಗೆ ಅರ್ಹತೆ ಇದೆಯೇ ಇಲ್ಲವೇ ಎಂಬುದೇ ನಿರ್ಣಾಯಕವಾಯಿತು.

ಬಾಡಿಗೆಗೂ ದುಡಿಮೆಗೂ ನಡುವಿನ ಗೆರೆ

ಕಾರ್ಮಿಕ ಇಲಾಖೆಯು 2020ರ ಏಪ್ರಿಲ್ ತಿಂಗಳಿನಲ್ಲಿ ರಾಜ್ಯಗಳಿಗೆ ಕಳುಹಿಸಿದ ಮಾರ್ಗಸೂಚಿಯು ವಿಕೋಪ ನೆರವಿನ ಹಳೆಯ ನಿಯಮಾವಳಿಯ ವ್ಯಾಖ್ಯೆಯನ್ನೇ ಬಳಸಿಕೊಂಡಿತು. ಅದರ ತಾತ್ಪರ್ಯವಿಷ್ಟು: ತನ್ನ ಸ್ವಂತ ವ್ಯಾಪಾರದಲ್ಲಿ ಅಥವಾ ಜಮೀನಿನಲ್ಲಿ ತಾನೇ ಸಲ್ಲಿಸುವ ಸೇವೆಯನ್ನು ಆದಾಯಕ್ಕಾಗಿ ಪ್ರಧಾನವಾಗಿ ಅವಲಂಬಿಸಿರುವವನೇ ಸ್ವಯಂ ಉದ್ಯೋಗಿ. ಇಲ್ಲಿ ಎರಡು ಪದಗಳಿಗೆ ತೂಕವಿದೆ. ಮೊದಲನೆಯದು ಸೇವೆ, ಎರಡನೆಯದು ಪ್ರಧಾನ. ಸ್ವತ್ತು ತಾನಾಗಿಯೇ ತಂದುಕೊಡುವ ಬಾಡಿಗೆ ಸೇವೆಯಲ್ಲ. ಬೇರೆ ನೌಕರಿಯಿಂದ ಜೀವನ ಸಾಗಿಸುತ್ತ, ಮೇಲ್ಮಹಡಿಯ ಕೊಠಡಿಯಿಂದ ಕೈಖರ್ಚಿನ ಹಣ ಪಡೆಯುತ್ತಿದ್ದವನು ಅದನ್ನು ಪ್ರಧಾನ ಆದಾಯವೆನ್ನಲಾಗದು.

ಆದರೆ ಅಲ್ಪಾವಧಿ ವಸತಿ ಉದ್ದಿಮೆಯ ದಿನಚರಿಯನ್ನು ಬಲ್ಲವರಿಗೆ ಅದರಲ್ಲಿ ಅಡಗಿರುವ ಶ್ರಮ ತಿಳಿದೇ ಇರುತ್ತದೆ. ವಿಚಾರಣೆಗಳಿಗೆ ಹಗಲಿರುಳೆನ್ನದೆ ಉತ್ತರಿಸುವುದು, ಒಬ್ಬ ಅತಿಥಿ ಹೊರಟ ಕೆಲವೇ ಗಂಟೆಗಳಲ್ಲಿ ಹಾಸಿಗೆ-ಹೊದಿಕೆಗಳನ್ನು ಬದಲಿಸಿ ಮುಂದಿನವರಿಗೆ ಸಜ್ಜುಗೊಳಿಸುವುದು, ಕೆಟ್ಟುಹೋದ ನಲ್ಲಿಯನ್ನು ಅಂದೇ ದುರಸ್ತಿ ಮಾಡಿಸುವುದು, ಉಪಾಹಾರ ಒದಗಿಸುವುದು, ಊರಿನ ದಾರಿ ತೋರಿಸುವುದು ಇವೆಲ್ಲವೂ ದುಡಿಮೆಯೇ. ಹನ್ನೊಂದು ತಿಂಗಳ ಕರಾರಿನ ಮೇಲೆ ಮನೆ ಬಿಟ್ಟುಕೊಟ್ಟು ತಿಂಗಳಿಗೊಮ್ಮೆ ಬಾಡಿಗೆ ಪಡೆಯುವ ಮಾಲೀಕನಿಗೂ ಇವರಿಗೂ ಅಜಗಜಾಂತರವಿದೆ.

ಈ ವ್ಯತ್ಯಾಸವನ್ನು ಅಮೆರಿಕಾದ ಆದಾಯ ತೆರಿಗೆ ಕಾನೂನು ಸಾಂಕ್ರಾಮಿಕಕ್ಕೆ ಬಹಳ ಮುನ್ನವೇ ಗುರುತಿಸಿತ್ತು. ಸ್ಥಿರಾಸ್ತಿಯ ಬಾಡಿಗೆಯನ್ನು ಸಾಮಾನ್ಯವಾಗಿ ಷೆಡ್ಯೂಲ್ ಇ ಎಂಬ ನಮೂನೆಯಲ್ಲಿಯೂ, ವ್ಯಾಪಾರದ ಆದಾಯವನ್ನು ಷೆಡ್ಯೂಲ್ ಸಿ ನಮೂನೆಯಲ್ಲಿಯೂ ತೋರಿಸಬೇಕು. ವಾಸಿಸುವವರ ಅನುಕೂಲಕ್ಕಾಗಿ ಗಣನೀಯ ಸೇವೆಗಳನ್ನು ಒದಗಿಸುವ ಆತಿಥೇಯನ ಆದಾಯವು ಷೆಡ್ಯೂಲ್ ಸಿಗೆ ಸೇರುತ್ತದೆ. ಅದರೊಡನೆ ಒಂದು ಹೊರೆಯೂ ಬರುತ್ತದೆ. ಸಾಮಾಜಿಕ ಭದ್ರತೆಗೆ ಶೇ. 12.4 ಹಾಗೂ ವೃದ್ಧರ ವೈದ್ಯಕೀಯ ವಿಮೆಗೆ ಶೇ. 2.9, ಒಟ್ಟು ಶೇ. 15.3ರ ದರದಲ್ಲಿ ಸ್ವಯಂ ಉದ್ಯೋಗ ತೆರಿಗೆಯನ್ನು ನಿವ್ವಳ ಆದಾಯದ ಬಹುಭಾಗದ ಮೇಲೆ ಕಟ್ಟಬೇಕು. ಷೆಡ್ಯೂಲ್ ಇ ಆದಾಯಕ್ಕೆ ಈ ತೆರಿಗೆಯಿಲ್ಲ. ಸಹಜವಾಗಿಯೇ, ಗೆರೆಯ ಆಸುಪಾಸಿನಲ್ಲಿದ್ದ ಆತಿಥೇಯರಿಗೆ ಷೆಡ್ಯೂಲ್ ಇ ಆಕರ್ಷಕವಾಗಿ ಕಾಣುತ್ತಿತ್ತು.

2020ರಲ್ಲಿ ನೆರವಿಗಾಗಿ ಅರ್ಜಿ ಸಲ್ಲಿಸುವಾಗ ಇದೇ ನಮೂನೆಯೇ ಸಾಕ್ಷ್ಯವಾಗಿ ಎದುರು ಬಂದು ನಿಂತಿತು. ಷೆಡ್ಯೂಲ್ ಸಿ ಸಲ್ಲಿಸಿದ್ದವನು ತನ್ನನ್ನು ವ್ಯಾಪಾರಿ ಎಂದು ಮೊದಲೇ ಸಾರಿಕೊಂಡಿದ್ದನು. ಷೆಡ್ಯೂಲ್ ಇ ಸಲ್ಲಿಸಿದ್ದವನಿಗೆ ಬಾಗಿಲು ಪೂರ್ತಿಯಾಗಿ ಮುಚ್ಚಿರಲಿಲ್ಲವಾದರೂ, ತೆರಿಗೆ ಅಧಿಕಾರಿಗಳ ಮುಂದೆ ಬಾಡಿಗೆ ಎಂದು ಕರೆದುದನ್ನು ಕಾರ್ಮಿಕ ಇಲಾಖೆಯ ಮುಂದೆ ದುಡಿಮೆ ಎಂದು ಸಾಬೀತುಪಡಿಸುವ ಹೊಣೆ ಅವನ ಮೇಲೆಯೇ ಬಿತ್ತು.

ಗೆರೆಯನ್ನು ಎಲ್ಲಿ ಎಳೆಯಬೇಕೆಂಬ ಬಗ್ಗೆ ಆಂತರಿಕ ಕಂದಾಯ ಸೇವೆಯ ಕಾನೂನು ವಿಭಾಗವು 2021ರ ಡಿಸೆಂಬರ್‌ನಲ್ಲಿ ಒಂದು ಅಭಿಪ್ರಾಯ ಪತ್ರವನ್ನು ಪ್ರಕಟಿಸಿತು. ಕಡಲತೀರದ ಮನೆಯಲ್ಲಿ ಪ್ರತಿದಿನ ಶುಚಿಗೊಳಿಸುವಿಕೆ, ವಾಹನ ಸೌಲಭ್ಯದ ಚೀಟಿ ಮುಂತಾದವನ್ನು ಒದಗಿಸುವವನ ಆದಾಯ ಸ್ವಯಂ ಉದ್ಯೋಗದ್ದೆಂದೂ, ಒಬ್ಬರ ನಂತರ ಮತ್ತೊಬ್ಬರು ಬರುವ ನಡುವೆ ಕೊಠಡಿಯನ್ನು ಗುಡಿಸಿ ಒರೆಸುವುದಷ್ಟನ್ನೇ ಮಾಡುವವನದು ಬಾಡಿಗೆಯೆಂದೂ ಅದು ಉದಾಹರಣೆ ಸಹಿತ ತಿಳಿಸಿತು. ಆದರೆ ಅಷ್ಟರಲ್ಲಿ ನೆರವಿನ ಯೋಜನೆ ಮುಗಿದು ಮೂರು ತಿಂಗಳು ಕಳೆದಿದ್ದವು.

ಲೆಕ್ಕಾಚಾರದ ಬಗೆ

ಅರ್ಹತೆ ದೊರೆತ ನಂತರವೂ ಮತ್ತೊಂದು ತೊಡಕಿತ್ತು. ಸ್ವಯಂ ಉದ್ಯೋಗಿಯ ಭತ್ಯೆಯನ್ನು ಲೆಕ್ಕ ಹಾಕಲು ಒಟ್ಟು ವಹಿವಾಟಿನ ಬದಲು ನಿವ್ವಳ ಆದಾಯವನ್ನು ಪರಿಗಣಿಸಲಾಗುತ್ತಿತ್ತು. ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಫ್ಲಾರಿಡಾದ ಒರ್ಲ್ಯಾಂಡೊ ನಗರದ ಒಬ್ಬ ಆತಿಥೇಯಳ 2019ರ ಒಟ್ಟು ಸ್ವೀಕೃತಿ 42,000 ಡಾಲರ್ ಎಂದಿಟ್ಟುಕೊಳ್ಳೋಣ. ಸಾಲದ ಬಡ್ಡಿ, ವಿಮೆ, ವಿದ್ಯುತ್, ಶುಚಿತ್ವದ ಖರ್ಚು, ಅಂತರ್ಜಾಲ ಸಂಸ್ಥೆಯ ಶುಲ್ಕ ಹಾಗೂ ಸವಕಳಿ ಸೇರಿ 35,000 ಡಾಲರ್ ಕಳೆದರೆ ನಿವ್ವಳ ಆದಾಯ 7,000 ಡಾಲರ್. ತ್ರೈಮಾಸಿಕ ಗಳಿಕೆಯ ಇಪ್ಪತ್ತಾರನೇ ಒಂದು ಭಾಗ ಎಂಬ ಆ ರಾಜ್ಯದ ಸೂತ್ರವನ್ನು ಅನ್ವಯಿಸಿದರೆ ವಾರದ ಭತ್ಯೆ ಸುಮಾರು 67 ಡಾಲರ್ ಮಾತ್ರ. ಆದಕಾರಣ ಕನಿಷ್ಠ ಮಿತಿಯಾದ 125 ಡಾಲರ್ ಸಲ್ಲುತ್ತದೆ. ತೆರಿಗೆ ಉಳಿಸಿದ ಸವಕಳಿಯೇ ಭತ್ಯೆಯನ್ನು ಕುಗ್ಗಿಸುತ್ತದೆ.

ಆದರೂ 600 ಡಾಲರುಗಳ ಹೆಚ್ಚುವರಿ ಮೊತ್ತ ಸೇರಿ ಆಕೆಗೆ ವಾರಕ್ಕೆ 725 ಡಾಲರ್ ದೊರೆಯುತ್ತಿತ್ತು. ಏಪ್ರಿಲ್ ಆರಂಭದಿಂದ ಜುಲೈ ಅಂತ್ಯದವರೆಗಿನ 17 ವಾರಗಳಿಗೆ ಇದು 12,325 ಡಾಲರ್. ಇಷ್ಟೇ ಮನೆ, ಇಷ್ಟೇ ವಹಿವಾಟು ಇದ್ದು, ಕೇವಲ ಬಾಡಿಗೆದಾತೆ ಎಂದು ಪರಿಗಣಿತಳಾದ ಪಕ್ಕದ ಮನೆಯವಳಿಗೆ ಸೊನ್ನೆ. ಫ್ಲಾರಿಡಾದಲ್ಲಿ ಈ ತಾರತಮ್ಯ ಇನ್ನಷ್ಟು ತೀಕ್ಷ್ಣವಾಗಿತ್ತು. ಕೇರ್ಸ್ ಕಾಯಿದೆಗೆ ಅಂಕಿತ ಬಿದ್ದ ಮಾರ್ಚ್ 27ರಂದೇ ಆ ರಾಜ್ಯದ ಗವರ್ನರ್ ರಜಾದಿನಗಳ ಬಾಡಿಗೆ ಮನೆಗಳ ವ್ಯವಹಾರವನ್ನು ಆಜ್ಞೆಯ ಮೂಲಕ ಸ್ಥಗಿತಗೊಳಿಸಿದ್ದರು. ಸರ್ಕಾರದ ಆಜ್ಞೆಯಿಂದಲೇ ಇಬ್ಬರ ಬಾಗಿಲೂ ಮುಚ್ಚಿತ್ತು.

ಎರಡು ದೋಣಿಯಲ್ಲಿ ಕಾಲಿಟ್ಟವರು

ಮನೆಯನ್ನು ಅತಿಥಿಗಳಿಗೆ ನೀಡುವುದರ ಜೊತೆಗೆ ಸಣ್ಣ ನೌಕರಿಯನ್ನೂ ಮಾಡುತ್ತಿದ್ದವರ ಪಾಡು ಬೇರೆ ಬಗೆಯದು. ನೌಕರಿಯ ವೇತನದಿಂದ ಸಾಮಾನ್ಯ ನಿರುದ್ಯೋಗ ವಿಮೆಗೆ ಅರ್ಹತೆ ಪಡೆದವನಿಗೆ ಸಾಂಕ್ರಾಮಿಕ ನೆರವು ದೊರೆಯುವಂತಿರಲಿಲ್ಲ. ಭತ್ಯೆಯನ್ನು ಆ ಅಲ್ಪ ವೇತನದ ಮೇಲೆಯೇ ಲೆಕ್ಕ ಹಾಕಲಾಗುತ್ತಿತ್ತು. ವಸತಿ ಉದ್ದಿಮೆಯ ಆದಾಯ ಲೆಕ್ಕಕ್ಕೇ ಬರುತ್ತಿರಲಿಲ್ಲ. ಈ ಅನ್ಯಾಯವನ್ನು ಮನಗಂಡ ಸಂಸತ್ತು 2020ರ ಡಿಸೆಂಬರ್‌ನಲ್ಲಿ, ಸ್ವಯಂ ಉದ್ಯೋಗದಿಂದ ವರ್ಷಕ್ಕೆ 5,000 ಡಾಲರ್ ಅಥವಾ ಹೆಚ್ಚು ನಿವ್ವಳ ಆದಾಯವಿದ್ದವರಿಗೆ ವಾರಕ್ಕೆ 100 ಡಾಲರುಗಳ ಪೂರಕ ನೆರವನ್ನು ಮಂಜೂರು ಮಾಡಿತು. ಅದನ್ನು ಜಾರಿಗೊಳಿಸುವುದು ರಾಜ್ಯಗಳ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು.

ದಾಖಲೆಗಳ ವಿಷಯದಲ್ಲಿಯೂ ಧೋರಣೆ ಬದಲಾಯಿತು. ಮೊದಲು ಅರ್ಜಿದಾರನ ಸ್ವಯಂ ಘೋಷಣೆಯ ಆಧಾರದ ಮೇಲೆಯೇ ಹಣ ಬಿಡುಗಡೆಯಾಗುತ್ತಿತ್ತು. ಇದರ ದುರುಪಯೋಗವೂ ಅಪಾರವಾಗಿತ್ತು. ಸಾಂಕ್ರಾಮಿಕ ಕಾಲದ ಎಲ್ಲ ನಿರುದ್ಯೋಗ ಯೋಜನೆಗಳಲ್ಲಿ ನಡೆದ ವಂಚನೆಯ ಮೊತ್ತ 10,000 ಕೋಟಿಯಿಂದ 13,500 ಕೋಟಿ ಡಾಲರ್ ಇರಬಹುದೆಂದು ಅಮೆರಿಕಾದ ಸರ್ಕಾರಿ ಲೆಕ್ಕಪತ್ರ ಸಂಸ್ಥೆಯು 2023ರಲ್ಲಿ ಅಂದಾಜಿಸಿತು. ಹೀಗಾಗಿ 2021ರ ಜನವರಿ 31ರಿಂದ ಹೊಸದಾಗಿ ಅರ್ಜಿ ಸಲ್ಲಿಸುವವರು 21 ದಿನಗಳೊಳಗೆ, ಈಗಾಗಲೇ ಭತ್ಯೆ ಪಡೆಯುತ್ತಿದ್ದವರು 90 ದಿನಗಳೊಳಗೆ, ತಮ್ಮ ಉದ್ಯೋಗದ ಪುರಾವೆ ಒದಗಿಸಬೇಕೆಂಬ ನಿಯಮ ಬಂದಿತು. ವಂಚಕರನ್ನು ತಡೆಯಲು ಎತ್ತಿದ ಈ ಬೇಲಿಯು, ಲೆಕ್ಕಪತ್ರವನ್ನು ಸರಿಯಾಗಿ ಇಡದ ಪ್ರಾಮಾಣಿಕ ಸಣ್ಣ ಉದ್ದಿಮೆದಾರನಿಗೂ ಅಡ್ಡಿಯಾಯಿತು.

ಇತರ ನೆರವಿನ ದಾರಿಗಳು

ನಿರುದ್ಯೋಗ ನೆರವಿನ ಹೊರತಾಗಿಯೂ ಕೆಲವು ದಾರಿಗಳಿದ್ದವು. ವೇತನ ರಕ್ಷಣಾ ಸಾಲವು ಷೆಡ್ಯೂಲ್ ಸಿ ಸಲ್ಲಿಸುವ ಸ್ವಯಂ ಉದ್ಯೋಗಿಗೂ ದೊರೆಯುತ್ತಿತ್ತು. ನಿಯಮದಂತೆ ಬಳಸಿದಲ್ಲಿ ಮರುಪಾವತಿಯೂ ಬೇಕಿರಲಿಲ್ಲ. ಸ್ವತ್ತನ್ನು ಸುಮ್ಮನೆ ಬಾಡಿಗೆಗೆ ಬಿಟ್ಟವರಿಗೆ ಅಲ್ಲಿಯೂ ಪ್ರವೇಶವಿರಲಿಲ್ಲ. ಸಣ್ಣ ಉದ್ದಿಮೆಗಳ ಆಡಳಿತ ಸಂಸ್ಥೆಯ ವಿಕೋಪ ಸಾಲವು ಶೇ. 3.75ರ ಬಡ್ಡಿಯಲ್ಲಿ 30 ವರ್ಷಗಳ ಅವಧಿಗೆ ಲಭ್ಯವಿತ್ತು, ಆದರೆ ಅದು ಮರಳಿ ಕಟ್ಟಬೇಕಾದ ಸಾಲ. ಏರ್‌ಬಿಎನ್‌ಬಿ ಸಂಸ್ಥೆಯು 2020ರ ಮಾರ್ಚ್ 30ರಂದು 25 ಕೋಟಿ ಡಾಲರುಗಳನ್ನು ತೆಗೆದಿರಿಸಿ, ರದ್ದಾದ ಕಾಯ್ದಿರಿಸುವಿಕೆಗಳ ಮೇಲೆ ಆತಿಥೇಯರ ಸ್ವಂತ ರದ್ದತಿ ನಿಯಮದಂತೆ ಸಲ್ಲಬೇಕಿದ್ದ ಮೊತ್ತದ ಶೇ. 25ನ್ನು ನೀಡುವುದಾಗಿ ಪ್ರಕಟಿಸಿತು. ಆತಿಥೇಯರೊಡನೆ ಸಮಾಲೋಚಿಸದೆ ಮುಂಗಡ ಹಿಂದಿರುಗಿಸುವ ತೀರ್ಮಾನ ಕೈಗೊಂಡದ್ದಕ್ಕೆ ಅದರ ಮುಖ್ಯಸ್ಥ ಬ್ರಯಾನ್ ಚೆಸ್ಕಿಯವರು ವಿಷಾದವನ್ನೂ ವ್ಯಕ್ತಪಡಿಸಿದರು.

ಕರ್ನಾಟಕದ ದೃಷ್ಟಿಯಿಂದ

ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ತೋಟದ ಮನೆಗಳಲ್ಲಿ ಹೋಂಸ್ಟೇ ನಡೆಸುವ ಕುಟುಂಬಗಳು 2018ರ ಆಗಸ್ಟ್‌ನ ಭೂಕುಸಿತದ ಕಾಲದಲ್ಲಿ ಒಮ್ಮೆ, 2020ರ ಮಾರ್ಚ್ 25ರ ರಾಷ್ಟ್ರವ್ಯಾಪಿ ದಿಗ್ಬಂಧನದಿಂದ ಮತ್ತೊಮ್ಮೆ ಅತಿಥಿಗಳಿಲ್ಲದ ದಿನಗಳನ್ನು ಕಂಡವು. ಸ್ವಯಂ ಉದ್ಯೋಗಿಗಳಿಗೆ ನಿರುದ್ಯೋಗ ಭತ್ಯೆ ನೀಡುವ ವ್ಯವಸ್ಥೆ ನಮ್ಮಲ್ಲಿ ಇರಲಿಲ್ಲ. ನೌಕರರ ರಾಜ್ಯ ವಿಮಾ ನಿಗಮದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಡಿ 2020ರಲ್ಲಿ ಭತ್ಯೆಯನ್ನು ಸರಾಸರಿ ಗಳಿಕೆಯ ಶೇ. 25ರಿಂದ ಶೇ. 50ಕ್ಕೆ ಏರಿಸಲಾಯಿತಾದರೂ ಅದು ವಿಮೆಗೆ ಒಳಪಟ್ಟ ನೌಕರರಿಗಷ್ಟೇ ಅನ್ವಯಿಸುತ್ತಿತ್ತು. 2020ರ ಮೇ ತಿಂಗಳಿನಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿದ 1,610 ಕೋಟಿ ರೂಪಾಯಿಗಳ ಯೋಜನೆಯಲ್ಲಿ ಕ್ಷೌರಿಕರು, ಮಡಿವಾಳರು, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿಗಳ ನೆರವಿತ್ತು. ಕೇಂದ್ರ ಸರ್ಕಾರದ ತುರ್ತು ಸಾಲ ಖಾತರಿ ಯೋಜನೆಯನ್ನು 2021ರ ಮಾರ್ಚ್‌ನಲ್ಲಿ ಆತಿಥ್ಯ ಹಾಗೂ ಪ್ರವಾಸೋದ್ಯಮ ವಲಯಕ್ಕೂ ವಿಸ್ತರಿಸಲಾಯಿತು. ಆದರೆ ಬ್ಯಾಂಕಿನಲ್ಲಿ 2020ರ ಫೆಬ್ರವರಿ 29ರಂದು ವ್ಯವಹಾರದ ಸಾಲ ಬಾಕಿಯಿದ್ದವರಿಗಷ್ಟೇ ಅದರ ಪ್ರಯೋಜನ.

ಇಲ್ಲಿಯೂ ಅದೇ ಹಳೆಯ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗುತ್ತದೆ. ನಮ್ಮ ಆದಾಯ ತೆರಿಗೆ ಕಾನೂನಿನಲ್ಲಿ ಗೃಹ ಆಸ್ತಿಯ ಆದಾಯ ಬೇರೆ, ವ್ಯಾಪಾರದ ಆದಾಯ ಬೇರೆ. ವಾಸದ ಮನೆಯನ್ನು ಬಾಡಿಗೆಗೆ ನೀಡಿ ಪಡೆಯುವ ಆದಾಯವನ್ನು ವ್ಯಾಪಾರದ ಶೀರ್ಷಿಕೆಯಡಿ ತೋರಿಸುವಂತಿಲ್ಲವೆಂದು 2024ರ ಹಣಕಾಸು (ಸಂಖ್ಯೆ 2) ಕಾಯಿದೆಯು ಸ್ಪಷ್ಟಪಡಿಸಿದೆ. ಊಟೋಪಚಾರ, ಶುಚಿತ್ವ, ತೋಟದ ವೀಕ್ಷಣೆ ಮುಂತಾದ ಸೇವೆಗಳನ್ನೊಳಗೊಂಡ ಹೋಂಸ್ಟೇ ಕೇವಲ ಬಾಡಿಗೆಯೇ ಎಂಬುದನ್ನು ಪ್ರತಿಯೊಬ್ಬ ಉದ್ದಿಮೆದಾರನೂ ತನ್ನ ಲೆಕ್ಕಪರಿಶೋಧಕರೊಡನೆ ಚರ್ಚಿಸಿ ನಿರ್ಧರಿಸಿಕೊಳ್ಳುವುದು ಒಳಿತು. ಹಾಗೆಯೇ 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯಿದೆಯು ಅಂತರ್ಜಾಲ ವೇದಿಕೆಗಳ ವ್ಯವಹಾರದ ಮೇಲೆ ಕಲ್ಯಾಣ ಶುಲ್ಕ ವಿಧಿಸಿ ನಿಧಿಯೊಂದನ್ನು ಸ್ಥಾಪಿಸುತ್ತದೆ. ವಾಹನ ಚಾಲನೆ, ಸರಕು ವಿತರಣೆ ಮುಂತಾದ ಶ್ರಮವನ್ನು ಕಣ್ಣಮುಂದಿರಿಸಿಕೊಂಡು ರೂಪುಗೊಂಡ ಇಂತಹ ವ್ಯವಸ್ಥೆಯಲ್ಲಿ, ಮನೆಯನ್ನೂ ಶ್ರಮವನ್ನೂ ಒಟ್ಟಿಗೆ ನೀಡುವ ಆತಿಥೇಯನ ಸ್ಥಾನ ಯಾವುದೆಂಬುದನ್ನು ಉದ್ಯಮ ಸಂಘಟನೆಗಳು ಈಗಲೇ ಚರ್ಚೆಗೆ ತರಬೇಕಾಗಿದೆ.

ಸದಸ್ಯರು ಗಮನಿಸಬೇಕಾದ ಅಂಶಗಳು

ಮೊದಲನೆಯದಾಗಿ, ಕೊಠಡಿಯ ದರ ಹಾಗೂ ಸೇವೆಗಳ ದರವನ್ನು ರಸೀದಿಯಲ್ಲಿ ಪ್ರತ್ಯೇಕವಾಗಿ ನಮೂದಿಸುವುದು ಲೇಸು. ಸಂಕಷ್ಟದ ದಿನ ದುಡಿಮೆಯನ್ನು ಸಾಬೀತುಪಡಿಸುವ ಸಾಕ್ಷ್ಯ ಅದೇ.

ಎರಡನೆಯದಾಗಿ, ಉದ್ದಿಮೆಯ ಹಣವನ್ನು ಮನೆಖರ್ಚಿನ ಖಾತೆಯೊಡನೆ ಬೆರೆಸದೆ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಡಬೇಕು. ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಕಿರು ಉದ್ದಿಮೆಗಳ ಉದ್ಯಮ್ ನೋಂದಣಿಗಳನ್ನು ಸಕಾಲದಲ್ಲಿ ಮಾಡಿಸಿಕೊಳ್ಳಬೇಕು. ಸರ್ಕಾರದ ಪಟ್ಟಿಯಲ್ಲಿ ಇಲ್ಲದವರನ್ನು ಸರ್ಕಾರದ ನೆರವು ಹುಡುಕಿಕೊಂಡು ಬರುವುದಿಲ್ಲ.

ಮೂರನೆಯದಾಗಿ, ತೆರಿಗೆ ಉಳಿತಾಯವೊಂದನ್ನೇ ಗುರಿಯಾಗಿಸಿಕೊಂಡು ಆದಾಯವನ್ನು ಕುಗ್ಗಿಸಿ ತೋರಿಸುವುದರ ದೂರಗಾಮಿ ಪರಿಣಾಮವನ್ನು ಅರಿಯಬೇಕು. ಸಾಲದ ಅರ್ಹತೆಯಾಗಲಿ, ಪರಿಹಾರದ ಮೊತ್ತವಾಗಲಿ, ಘೋಷಿಸಿದ ಆದಾಯವನ್ನೇ ಅಳತೆಗೋಲಾಗಿ ಇರಿಸಿಕೊಳ್ಳುತ್ತದೆ.

ನಾಲ್ಕನೆಯದಾಗಿ, ಅಂತರ್ಜಾಲ ಸಂಸ್ಥೆಗಳೊಡನೆ ಕರಾರು ಮಾಡಿಕೊಳ್ಳುವಾಗ ವಿಶೇಷ ಸಂದರ್ಭಗಳಲ್ಲಿ ಮುಂಗಡ ಹಿಂದಿರುಗಿಸುವ ಅಧಿಕಾರ ಯಾರದೆಂಬ ಕಲಮನ್ನು ಓದದೆ ಸಹಿ ಮಾಡಬಾರದು. ಕೆಲವು ತಿಂಗಳ ಕಂತಿಗೆ ಸಾಲುವಷ್ಟು ಹಣವನ್ನು ಕಾಯ್ದಿರಿಸುವ ಅಭ್ಯಾಸವೂ ಬೇಕು.

ಅಮೆರಿಕಾದ ಯೋಜನೆಯು ಲೋಪಗಳಿಂದ ಕೂಡಿದ್ದರೂ, ತನಗೆ ತಾನೇ ಮಾಲೀಕನಾದವನೂ ಕೆಲಸ ಕಳೆದುಕೊಳ್ಳಬಲ್ಲನೆಂಬುದನ್ನು ಆ ದೇಶದ ಕಾನೂನು ಅಷ್ಟು ವ್ಯಾಪಕವಾಗಿ ಒಪ್ಪಿಕೊಂಡದ್ದು ಗಮನಾರ್ಹ. ಆದರೆ ಅದಕ್ಕೆ ವಂತಿಗೆಯಿಂದ ಕೂಡಿಬಂದ ನಿಧಿಯಿರಲಿಲ್ಲ, ಸಿದ್ಧ ದಾಖಲೆಗಳಿರಲಿಲ್ಲ. ಅವಧಿ ಮುಗಿದೊಡನೆ ಎಲ್ಲವೂ ಮೊದಲಿನ ಸ್ಥಿತಿಗೆ ಮರಳಿತು. ಉದ್ದಿಮೆದಾರರು ಒಳ್ಳೆಯ ದಿನಗಳಲ್ಲಿ ಸ್ವಲ್ಪ ವಂತಿಗೆ ಕಟ್ಟಿ, ಕೆಟ್ಟ ದಿನಗಳಲ್ಲಿ ಹಕ್ಕಿನಿಂದ ನೆರವು ಪಡೆಯುವ ಸ್ಥಾಯಿ ನಿಧಿಯೊಂದನ್ನು ನಮ್ಮ ವಲಯದಲ್ಲಿ ರೂಪಿಸಲು ಸಾಧ್ಯವೇ ಎಂಬುದನ್ನು ಸದಸ್ಯರು ಯೋಚಿಸಿ ತಮ್ಮ ಅಭಿಪ್ರಾಯಗಳನ್ನು ಲಿಖಿತವಾಗಿ ತಿಳಿಸಿದಲ್ಲಿ, ಅವುಗಳನ್ನು ಕ್ರೋಡೀಕರಿಸಿ ಸರ್ಕಾರದ ಮುಂದಿಡಲು ಅನುಕೂಲವಾಗುತ್ತದೆ.